ಕರಡಿ ಓಡಾಡೋ ಊರಲ್ಲಿ ಇರೋದು ಹೇಗೆ? ಮೊದ್ಲು ಕೆಮ್ಮೋದು ಕಲೀರಿ

ಹೋದ ವರ್ಷ ಮಳೆಗಾಲ ಹಿಡಿಯೋ ಹೊತ್ತಿಗೆ ನಮ್ಮನೆ ಹಿಂದಿನ ಹಕ್ಕಲಲ್ಲಿದ್ದ ದೊಡ್ಡ ಹುತ್ತ ಬೆಳಗಾಗೋದ್ರೊಳಗೆ ಜೆಸಿಬಿ ಬಾಯಿ ಹಾಕಿದಂಗೆ ಅಗೆದು ಬಿದ್ದಿತ್ತು. ಹಂದಿ ಕೆಲ್ಸ ಅಂದ್ಕೊಂಡು ಹತ್ರ ಹೋಗಿ ನೋಡಿದ್ರೆ ಒದ್ದೆ ಮಣ್ಣಲ್ಲಿ ಉದ್ದುದ್ದ ಗೀರು, ಪಕ್ಕದಲ್ಲಿ ಮನುಷ್ಯರ ಪಾದದ ಥರದ್ದೇ ಹೆಜ್ಜೆ, ಆದ್ರೆ ಐದು ಬೆರಳೂ ಒಂದೇ ಸಾಲಲ್ಲಿ, ಬೆರಳಿಂದ ಎಷ್ಟೋ ಮುಂದೆ ಉಗುರು ಚುಚ್ಚಿದ ಗುರುತು, ಸ್ವಲ್ಪ ಆಚೆ ನೇರಳೆ ಬೀಜ ತುಂಬಿದ ಹಿಕ್ಕೆ. ಹಂದಿ ಆಗಿದ್ರೆ ಮೂತೀಲಿ ನೆಲ ಉತ್ತಿರತ್ತೆ, ಗೊರಸಿನ ಗುರುತಿರತ್ತೆ. ಇದು ಕರಡಿ. ಆವತ್ತಿಂದ ನಮ್ಮನೇಲಿ ಕತ್ಲಾದ್ಮೇಲೆ ಕೊಟ್ಟಿಗೆಗೆ ಹೋಗೋರೆಲ್ಲ ಕೆಮ್ಕೊಂಡೇ ಹೋಗೋದು. ತಮಾಷೆಗೆ ಹೇಳ್ತಿಲ್ಲ, ಈ ಲೇಖನದಲ್ಲಿ ಮುಕ್ಕಾಲು ಪಾಲು ವಿಷ್ಯ ಅದೇ.

ಯಾಕಂದ್ರೆ ನಮ್ಮ ಕರಡಿ ಮನುಷ್ಯರನ್ನ ತಿನ್ನಕ್ಕೆ ಬರೋ ಪ್ರಾಣಿ ಅಲ್ಲ. ಅದಕ್ಕೆ ಬೇಕಾಗಿರೋದು ಗೆದ್ದಲು, ಇರುವೆ, ಜೇನು, ಹಣ್ಣು. ಮೇಲಿನ ದವಡೇಲಿ ನಡುವಿನ ಎರಡು ಹಲ್ಲೇ ಇರಲ್ಲ, ಆ ಸಂದಿಯಿಂದ ಗೆದ್ದಲನ್ನ ಸ್ಟ್ರಾ ಹಾಕಿ ಹೀರ್ದಂಗೆ ಹೀರತ್ತೆ. ಮೊದ್ಲು ಉಫ್ ಅಂತ ಊದಿ ಮಣ್ಣು ಹಾರಿಸೋದು, ಆಮೇಲೆ ಸೊರ್ ಅಂತ ಎಳೆಯೋದು, ಆ ಸದ್ದು ನಮಗೆ ದೂರಕ್ಕೇ ಕೇಳತ್ತೆ. ಮೂಗು ಭಾಳ ಚುರುಕು, ಕಣ್ಣು ಮಂದ. ತಲೆ ಹುತ್ತದೊಳಗೆ ತೂರಿಸ್ಕೊಂಡು ಅದರದ್ದೇ ಗದ್ದಲದಲ್ಲಿ ಇರೋವಾಗ ನಾವು ಚಪ್ಪಲಿ ಸದ್ದೂ ಇಲ್ದೆ ಹತ್ತಡಿ ಹತ್ರಕ್ಕೆ ಹೋಗಿ ನಿಂತ್ರೆ ಗಾಬರಿ ಬೀಳತ್ತೆ. ಗಾಬರಿ ಬಿದ್ದ ಕರಡಿ ಓಡೋ ಬದ್ಲು ಎದ್ದು ನಿಂತು ಮುಖಕ್ಕೇ ಕೈ ಹಾಕೋದು ಜಾಸ್ತಿ. ಬೆನ್ನ ಮೇಲೆ ಮರಿ ಹೊತ್ಕೊಂಡಿರೋ ತಾಯಿ ಆದ್ರಂತೂ ಕೇಳೋದೇ ಬೇಡ.

ಹಾಗಾಗಿ ಒಂದನೇ ಪಾಠ, ನಾವು ಬರ್ತಿದೀವಿ ಅಂತ ಅದಕ್ಕೆ ಗೊತ್ತಾಗಬೇಕು. ಸೊಪ್ಪು, ದರಗು, ಅಣಬೆ, ಮುರುಗಲು, ಏನಕ್ಕೇ ಕಾಡಿಗೆ ಹೋಗೋದಿದ್ರೂ ಒಬ್ಬೊಬ್ರೇ ಹೋಗ್ಬೇಡಿ, ಮಾತಾಡ್ಕೊಂಡು ಹೋಗಿ, ಕೋಲಿಗೆ ದನದ ಕೊರಳ ಗಂಟೆ ಕಟ್ಕೊಂಡ್ರೆ ಇನ್ನೂ ಒಳ್ಳೇದು. ಮೊಬೈಲಲ್ಲಿ ಹಾಡು ಹಾಕಿದ್ರೆ ಸಾಲಲ್ವಾ ಅಂತೀರಾ, ಸಾಲತ್ತೆ, ಆದ್ರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಹೋದ್ರೆ ಅದಕ್ಕೂ ನಿಮ್ಮ ಸದ್ದಿಲ್ಲ ನಿಮಗೂ ಅದರ ಸದ್ದಿಲ್ಲ. ನಸುಕು, ಮುಸ್ಸಂಜೆ, ರಾತ್ರಿ ಅದು ಓಡಾಡೋ ಹೊತ್ತು. ತೋಟದ ಪಂಪಿಗೆ ರಾತ್ರಿ ಮೂರು ಗಂಟೆಗೆ ಕರೆಂಟ್ ಕೊಟ್ರೆ ನಾವು ಏನ್ ಮಾಡೋದು ಮಾರಾಯ್ರೆ ಅಂತ ನೀವು ಕೇಳ್ತೀರಿ, ನಂದೂ ಅದೇ ಗೋಳು. ಆಟೋ ಸ್ಟಾರ್ಟರ್ ಹಾಕಿಸೋಕೆ ಆದ್ರೆ ಹಾಕ್ಸಿ, ಇಲ್ದಿದ್ರೆ ಇಬ್ರು ಹೋಗಿ, ಬೆಳಕು ಅಗಲಕ್ಕೆ ಬೀಳೋ ಟಾರ್ಚ್ ಇರ್ಲಿ.

ಎರಡನೇದು ಮನೆ ಸುತ್ತ. ಹಲಸಿನ ಹಣ್ಣು ಮರದಲ್ಲೇ ಹಣ್ಣಾಗಿ ಕೆಳಗೆ ಬಿದ್ದು ಗಮಗಮ ಅಂತಿದ್ರೆ ಅದು ಕರಡಿಗೆ ಕೊಟ್ಟ ಕರೆಯೋಲೆ. ಬಲಿತದ್ದನ್ನ ಕಾಯಿದ್ದಾಗ್ಲೇ ಕೊಯ್ದು ಹಪ್ಪಳನೋ ಚಿಪ್ಸೋ ಮಾಡಿ, ಬಿದ್ದಿದ್ದನ್ನ ದಿನಾ ಹೆಕ್ಕಿ ಹೂತ್ಹಾಕಿ. ಜೇನುಪೆಟ್ಟಿಗೆ ಕಾಡಿನ ಅಂಚಿಗೆ ಇಡ್ಬೇಡಿ, ಮನೆ ಹತ್ರ ತನ್ನಿ, ತುಪ್ಪ ತೆಗೆದ ಹಳೇ ಎರಿ ಅಲ್ಲೇ ಬಿಸಾಡ್ಬೇಡಿ. ಬಯಲುಸೀಮೆ ಕಡೆ ಗುಡಿ ಬಾಗ್ಲು ಒಡೆದು ದೀಪದ ಎಣ್ಣೆ ಕುಡಿದು ಹೋಗೋ ಕರಡಿ ಸುದ್ದಿ ಪೇಪರಲ್ಲಿ ಓದಿರ್ತೀರಿ, ಕಾಡಂಚಿನ ಬನದ ಗುಡಿಗಳಲ್ಲಿ ನಾವೂ ಎಣ್ಣೆ, ತೆಂಗಿನಕಾಯಿ, ಬಾಳೆಹಣ್ಣು ಬಿಟ್ಟು ಬರಬಾರ್ದು. ಹಿತ್ತಲ ಕಳೆ ಸವರಿ, ಬಚ್ಚಲು ಕೊಟ್ಟಿಗೆ ದಾರಿಗೆ ಒಂದು ಬಲ್ಬ್ ಹಾಕಿ. ನಾಯಿ ಕಾಡಿಗೆ ಕರ್ಕೊಂಡು ಹೋಗ್ಬೇಡಿ, ಅದು ಕರಡೀನ ಕೆಣಕಿ ಕೊನೇಗೆ ಓಡಿ ಬರೋದು ನಿಮ್ಮ ಕಾಲ ಬುಡಕ್ಕೇ.

ಇಷ್ಟಾದ್ರೂ ಎದುರಿಗೆ ಸಿಕ್ತು ಅನ್ನಿ. ದೂರ ಇದೆ, ನಿಮ್ಮನ್ನ ನೋಡಿಲ್ಲ ಅಂದ್ರೆ ಸುಮ್ನೆ ಬಂದ ದಾರೀಲೇ ವಾಪಸ್. ನೋಡಿದೆ ಅಂದ್ರೆ ಓಡ್ಬೇಡಿ, ಅದು ನಿಮಗಿಂತ ಜೋರಾಗಿ ಓಡತ್ತೆ. ಅದರ ಕಡೆನೇ ಮುಖ ಮಾಡಿ ಮೆಲ್ಲಗೆ ಹಿಂದೆ ಹಿಂದೆ ಸರೀರಿ, ಕಲ್ಲು ಹೊಡೀಬೇಡಿ. ಶಾಲೇಲಿ ಕಥೆ ಕೇಳಿದೀವಲ್ಲ, ಒಬ್ಬ ಮರ ಹತ್ತಿ ಬಚಾವಾದ, ಇನ್ನೊಬ್ಬ ಸತ್ತಂಗೆ ಮಲಗಿದ ಅಂತ. ಮರ ಹತ್ತಿದೋನು ಪುಣ್ಯಾತ್ಮ ಬದುಕಿದ್ದೇ ಹೆಚ್ಚು, ಜೇನಿಗೋಸ್ಕರ ಮರ ಹತ್ತೋ ಪ್ರಾಣಿ ಅದು. ಮಲಗಿದೋನು ಮಾತ್ರ ಅರ್ಧ ಸರಿ. ಮೈಮೇಲೆ ಬಿದ್ದೇ ಬಿಡ್ತು ಅಂದಾಗ ಬೋರಲು ಬಿದ್ದು, ಮುಖ ನೆಲಕ್ಕೆ ಒತ್ತಿ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂದೆ ಹಿಡ್ಕೊಂಡು ಅಲ್ಲಾಡದೆ ಇರಿ. ಬೆನ್ನಿಗೆ ಚೀಲ ಇದ್ರೆ ಕಳಚ್ಬೇಡಿ. ಅದು ದೂರ ಹೋಗೋವರ್ಗೂ ಏಳ್ಬೇಡಿ. ಕಷ್ಟ, ಗೊತ್ತು, ಆದ್ರೆ ಕಣ್ಣು ಮೂಗು ಉಳಿಯೋದು ಹಾಗೇನೇ.

ಊರೊಳಗೆ ಬಂದು ಮರ ಹತ್ತಿ ಕೂತ್ರೆ ಕರಡಿಗಿಂತ ದೊಡ್ಡ ಸಮಸ್ಯೆ ಜನ. ಕೆಳಗೆ ಇನ್ನೂರು ಜನ ವಿಡಿಯೋ ಮಾಡ್ತಾ, ಸೀಟಿ ಹೊಡೀತಾ ನಿಂತ್ರೆ ಅದು ಇಳಿಯೋದಾದ್ರೂ ಎಲ್ಲಿಗೆ? ಕಾಡಿನ ಕಡೆ ದಾರಿ ಖಾಲಿ ಬಿಡಿ, ಮಕ್ಕಳನ್ನ ಒಳಗೆ ಕಳ್ಸಿ, ನಾಯಿ ಕಟ್ಟಿ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕತ್ಲಾದ್ಮೇಲೆ ಎಷ್ಟೋ ಸಲ ಅದರ ಪಾಡಿಗೆ ಇಳಿದು ಹೋಗತ್ತೆ. ಹಂದಿಗೆ ಅಂತ ಬೇಲೀಲಿ ಉರುಳು ಕಟ್ಟೋರು, ಸಿಡಿಮದ್ದು ಇಡೋರು ನಮ್ಮಲ್ಲೇ ಇದಾರೆ, ಅದಕ್ಕೆ ಸಿಕ್ಕಿ ಗಾಯ ಆದ ಕರಡಿ ಮಾರನೇ ದಿನ ಹುಲ್ಲಿಗೆ ಹೋದ ಪಾಪದೋರ ಮೇಲೆ ತೀರಿಸ್ಕೊಳತ್ತೆ. 1972ರ ವನ್ಯಜೀವಿ ಕಾಯ್ದೇಲಿ ಕರಡಿ ಇರೋದು ಒಂದನೇ ಪಟ್ಟೀಲಿ, ಹುಲಿ ಆನೆ ಜೊತೆಗೆ, ಸಿಕ್ಕಿಬಿದ್ರೆ ಜೈಲೇ.

ಗಾಯ ಆದ್ರೆ ಕಾಫಿಪುಡಿ, ಅರಿಶಿನ, ಸುಣ್ಣ ಏನೂ ಮೆತ್ತಬೇಡಿ. ರಕ್ತ ಜೋರಾಗಿದ್ರೆ ಒಗೆದ ಬಟ್ಟೆ ಒತ್ತಿ ಹಿಡೀರಿ, ಸಣ್ಣ ಗಾಯ ಆದ್ರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೀರಿ, 108ಕ್ಕೆ ಫೋನ್ ಹೊಡೀರಿ. ಆಸ್ಪತ್ರೇಲಿ ಟಿಟಿ ಜೊತೆ ರೇಬೀಸ್ ಇಂಜೆಕ್ಷನ್ನೂ ಕೇಳಿ, ನಾಯಿ ಅಲ್ವಲ್ಲ ಅಂತ ಬಿಡ್ಬೇಡಿ. ಚೀಟಿ, ಬಿಲ್ಲು ಒಂದೂ ಬಿಸಾಡದೆ ಕವರಲ್ಲಿ ಹಾಕಿಟ್ಟು, ಪರಿಹಾರದ ಅರ್ಜಿ ಅರಣ್ಯ ಇಲಾಖೆ ರೇಂಜ್ ಆಫೀಸಲ್ಲಿ ಬೇಗ ಕೊಡಿ, ಸ್ವೀಕೃತಿ ಇಸ್ಕೊಂಡೇ ಹೊರಗೆ ಬನ್ನಿ.