ನ್ಯೂ ಆರ್ಲಿಯನ್ಸ್‌ನ ರೆಡ್ ಬೀನ್ಸ್ ಅಂಡ್ ರೈಸ್: ನಾನು ಮಾಡುವ ಬಗೆ

ಅಮೆರಿಕದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಮೂಲಗಳು ಬೆರೆತ ಕ್ರಿಯೋಲ್ ಮನೆಗಳ ರೆಡ್ ಬೀನ್ಸ್‌ಗೆ, ಅಂದರೆ ಅನ್ನದ ಜೊತೆ ತಿನ್ನುವ ಕೆಂಪು ರಾಜ್ಮಾ ಕಾಳಿನ ಅಡುಗೆಗೆ, ಗ್ರೇವಿ ಎಂದು ಬೇರೆಯಾಗಿ ಏನನ್ನೂ ಮಾಡುವುದಿಲ್ಲ. ಟೊಮೆಟೊ ಇಲ್ಲ, ಕ್ರೀಮ್ ಇಲ್ಲ, ಅಲ್ಲಿನ ಗಂಬೋ ಎಂಬ ಗಟ್ಟಿ ಸಾರಿಗೆ ಹಾಕುವಂತೆ ಎಣ್ಣೆಯಲ್ಲಿ ಹುರಿದ ಹಿಟ್ಟೂ ಇಲ್ಲ. ಕಾಳು ತಾನೇ ಬೆಂದು, ಒಡೆದು, ಒಳಗಿನ ಪಿಷ್ಟವನ್ನು ನೀರಿಗೆ ಬಿಟ್ಟು ರಸವಾಗಬೇಕು. ಈ ಅಡುಗೆಯಲ್ಲಿ ಕಲಿಯಬೇಕಾದದ್ದು ಇಷ್ಟೇ, ಕೆಡುವುದೂ ಇಲ್ಲಿಯೇ. ನಮ್ಮ ಕೈ ರಾಜ್ಮಾ ಮಸಾಲೆಗೆ ಒಗ್ಗಿರುವುದರಿಂದ ಜೀರಿಗೆ, ಶುಂಠಿ, ಟೊಮೆಟೊ ಕಡೆಗೆ ತಾನಾಗಿ ಹೋಗುತ್ತದೆ. ಅವನ್ನು ಹಾಕಿದರೆ ಒಳ್ಳೆಯ ರಾಜ್ಮಾ ಆಗಬಹುದು, ರೆಡ್ ಬೀನ್ಸ್ ಆಗುವುದಿಲ್ಲ.

ಆ ಊರಿನಲ್ಲಿ ಇದು ಸೋಮವಾರದ ಅಡುಗೆ. ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಒಲೆಯ ಮುಂದೆ ನಿಲ್ಲಲು ಯಾರಿಗೂ ಬಿಡುವಿಲ್ಲದ ಕಾರಣ, ಭಾನುವಾರದ ಹ್ಯಾಮ್‌ನಲ್ಲಿ (ಉಪ್ಪು ಹಿಡಿಸಿದ ಹಂದಿಯ ತೊಡೆ) ಉಳಿದ ಮೂಳೆಯನ್ನು ಕಾಳಿನ ಜೊತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟುಬಿಡುತ್ತಿದ್ದರು. ಇಂದಿಗೂ ಅಲ್ಲಿನ ಅನೇಕ ಹೋಟೆಲುಗಳಲ್ಲಿ ಇದು ಸೋಮವಾರದ ವಿಶೇಷ. ಹೈಟಿಯ ಕ್ರಾಂತಿಯಿಂದಾಗಿ ಸಾಂ-ದೊಮಾಂಗ್ (ಇಂದಿನ ಹೈಟಿ) ಬಿಟ್ಟು ಕ್ಯೂಬಾದಲ್ಲಿ ನೆಲೆಸಿದ್ದವರು 1809–10ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಕೆಂಪು ಕಾಳು–ಅನ್ನದ ರೂಢಿ ಅಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದೆಂಬ ಮಾತಿದೆ. ಆದರೆ ಹೈಟಿಯ ದಿರಿ ಕೋಲೆ, ಕ್ಯೂಬಾದ ಕೊಂಗ್ರಿ, ತೆಂಗಿನ ಹಾಲು ಹಾಕುವ ಜಮೈಕಾದ ರೈಸ್ ಅಂಡ್ ಪೀಸ್ ಇವೆಲ್ಲದರಲ್ಲಿ ಅಕ್ಕಿಯೂ ಕಾಳೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಬೇರೆ ಬೇರೆ ಬೆಂದು ತಟ್ಟೆಯಲ್ಲಿ ಸೇರುತ್ತವೆ. ಆ ಊರಿನಲ್ಲೇ ಹುಟ್ಟಿದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಪತ್ರಗಳ ಕೊನೆಗೆ ‘ರೆಡ್ ಬೀನ್ಸ್ ಅಂಡ್ ರೈಸ್‌ಲಿ ಯುವರ್ಸ್’ ಎಂದು ಬರೆದು ಸಹಿ ಹಾಕುತ್ತಿದ್ದರು.

ಆರೇಳು ಜನಕ್ಕೆ 450 ಗ್ರಾಂ ಒಣ ಕಾಳು ಸಾಕು. ಅಮೆರಿಕದಲ್ಲಿರುವವರಿಗೆ ಒಂದು ಪೌಂಡಿನ ಪೊಟ್ಟಣ. ನ್ಯೂ ಆರ್ಲಿಯನ್ಸ್‌ನವರು ಕ್ಯಾಮೆಲಿಯಾ ಕಂಪನಿಯ ಕೆಂಪು ಕಿಡ್ನಿ ಬೀನ್ಸ್ ಬಿಟ್ಟು ಬೇರೆಯದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬೆಂಗಳೂರಿನ ಅಂಗಡಿಗಳ ರಾಜ್ಮಾದಲ್ಲಿ ಕಡುಗೆಂಪು ದಪ್ಪ ಕಾಳಿನ ಬಣ್ಣ ಚೆನ್ನ, ಆದರೆ ಸಿಪ್ಪೆ ದಪ್ಪ, ಬೇಯಲು ಅರ್ಧ ಗಂಟೆ ಹೆಚ್ಚು ಬೇಕು. ಚುಕ್ಕೆಯ ಚಿತ್ರಾ ರಾಜ್ಮಾ ಬೇಗ ಕರಗಿ ನುಣ್ಣಗಾಗುತ್ತದೆ, ಬಣ್ಣ ಮಾತ್ರ ಮಾಸಲು. ನಾನು ಆರಿಸುವುದು ಕೆಂಪಿನದನ್ನೇ. ಬಣ್ಣಕ್ಕಿಂತ ಮುಖ್ಯವಾದದ್ದು ಕಾಳಿನ ವಯಸ್ಸು. ಮಂಕಾದ, ಸುಕ್ಕಾದ, ಸಿಪ್ಪೆ ಸೀಳಿದ ಕಾಳುಗಳು ಪೊಟ್ಟಣದಲ್ಲಿ ಹೆಚ್ಚಾಗಿ ಕಂಡರೆ ಅದು ಹಳೆಯ ಮಾಲು. ಸೆಕೆ, ತೇವದಲ್ಲಿ ಬಹಳ ಕಾಲ ಕುಳಿತ ಕಾಳು ಎಷ್ಟು ಬೇಯಿಸಿದರೂ ನಡುವೆ ಹರಳಿನಂತೆ ಉಳಿಯುತ್ತದೆ.

ಹಿಂದಿನ ರಾತ್ರಿ ಎರಡು ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಕರಗಿಸಿ ಕಾಳನ್ನು ಅದರಲ್ಲಿ ನೆನೆಹಾಕುತ್ತೇನೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಮ್ಮಲ್ಲೂ ಇದೆ, ಅಲ್ಲೂ ಇದೆ. ನೆನೆಯುವ ನೀರಿನ ಮಟ್ಟಿಗೆ ಅದು ತಲೆಕೆಳಗು. ಸಿಪ್ಪೆಯ ಕೋಶಗಳನ್ನು ಅಂಟಿನಂತೆ ಕೂಡಿಸಿರುವ ಪೆಕ್ಟಿನ್ ಅನ್ನು ಬಿಗಿಯಾಗಿ ಹಿಡಿದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಬರುತ್ತದೆ. ಸಿಪ್ಪೆ ಮೆತ್ತಗಾಗಿ ಕಾಳು ಸಮನಾಗಿ ಉಬ್ಬುತ್ತದೆ, ಒಳಗಿನವರೆಗೂ ರುಚಿ ಹಿಡಿಯುತ್ತದೆ. ಎಂಟರಿಂದ ಹನ್ನೆರಡು ಗಂಟೆ ನೆನೆಯಲಿ. ಬೇಸಿಗೆಯಲ್ಲಿ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ, ಪಾತ್ರೆಯನ್ನು ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಬೆಳಿಗ್ಗೆ ನೊರೆಯೆದ್ದು ಹುಳಿ ವಾಸನೆ ಬರುತ್ತದೆ. ನೆನೆದ ನೀರನ್ನು ಪೂರ್ತಿ ಚೆಲ್ಲಿ ಎರಡು ಸಲ ತೊಳೆಯಬೇಕು. ಉಬ್ಬದೆ ಗಟ್ಟಿಯಾಗಿಯೇ ಉಳಿದ ಕಾಳುಗಳನ್ನು ಈ ಹೊತ್ತಿನಲ್ಲೇ ಆರಿಸಿ ಎಸೆಯಿರಿ.

ನೀರು ಚೆಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಸಿ ಕೆಂಪು ರಾಜ್ಮಾದಲ್ಲಿ ಫೈಟೊಹಿಮಾಗ್ಲುಟಿನಿನ್ ಎಂಬ ಲೆಕ್ಟಿನ್ (ಒಂದು ಬಗೆಯ ಪ್ರೋಟೀನ್) ಬಹಳ ಇರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ಜೋರಾದ ವಾಂತಿ, ಭೇದಿ ಆಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ, ಅರೆಬಿಸಿಯಲ್ಲಿ ಆಗುವುದಿಲ್ಲ. ಆದ್ದರಿಂದ ನೆನೆದ ಕಾಳನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಿ ಬಿಡುವುದು ಅಪಾಯ, ಅದರ ಬಿಸಿ ಕುದಿಯ ಮಟ್ಟಕ್ಕೆ ಏರದೆಯೂ ಇರಬಹುದು. ಮೊದಲು ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಯಾವ ಪಾತ್ರೆಗಾದರೂ ಹಾಕಿ.

ಉಳಿದ ಸಾಮಾನು ಹೀಗೆ: ದೊಡ್ಡ ಈರುಳ್ಳಿ ಎರಡು, ಹೆಚ್ಚಿದಾಗ ಎರಡು ಬಟ್ಟಲಾಗಬೇಕು. ಸೆಲರಿ ದಂಟು ಮೂರು, ಹಸಿರು ಕ್ಯಾಪ್ಸಿಕಮ್ ಒಂದು, ಇವೆರಡೂ ಒಂದೊಂದು ಬಟ್ಟಲು. ಈ ಮೂರಕ್ಕೆ ಲೂಯಿಸಿಯಾನಾದಲ್ಲಿ ‘ಹೋಲಿ ಟ್ರಿನಿಟಿ’ ಎನ್ನುತ್ತಾರೆ, ಗಂಬೋ, ಜಂಬಲಾಯ ಎಂಬ ಅನ್ನದ ಅಡುಗೆ ಎಲ್ಲಕ್ಕೂ ಇದೇ ಬುನಾದಿ. ಕ್ಯಾಪ್ಸಿಕಮ್ ಹಸಿರೇ ಆಗಬೇಕು, ಕೆಂಪು ಹಳದಿಯವು ಸಿಹಿ. ಸೆಲರಿಗೆ ಬದಲಿಲ್ಲ. ಕೊತ್ತಂಬರಿ ದಂಟು ಹಾಕಿದರೆ ಪರಿಮಳ ಬೇರೆಯೇ ಆಗುತ್ತದೆ, ಸಿಗದಿದ್ದರೆ ಬಿಟ್ಟು ಈರುಳ್ಳಿಯನ್ನೇ ಸ್ವಲ್ಪ ಹೆಚ್ಚಿಸಿ. ಬೆಳ್ಳುಳ್ಳಿ ಆರು ಎಸಳು, ಒಣ ಥೈಮ್ ಒಂದು ಸಣ್ಣ ಚಮಚ, ಕರಿಮೆಣಸಿನ ಪುಡಿ ಒಂದು ಸಣ್ಣ ಚಮಚ, ಕಯೆನ್ ಅಥವಾ ಗುಂಟೂರು ಖಾರದ ಪುಡಿ ಅರ್ಧ ಚಮಚ. ಬ್ಯಾಡಗಿ ಪುಡಿ ಬಣ್ಣ ಕೊಡುತ್ತದೆ, ಖಾರ ಸಾಲದು. ಥೈಮ್ ಸಿಗದಿದ್ದರೆ ಕಾಲು ಚಮಚ ಓಮದ ಕಾಳನ್ನು ಕುಟ್ಟಿ ಹಾಕಬಹುದು. ಎರಡರಲ್ಲೂ ಥೈಮಾಲ್ ಎಂಬ ಪರಿಮಳದ ಅಂಶ ಇದೆ, ಆದರೆ ಓಮದಲ್ಲಿ ಅದು ಬಹಳ ಜೋರು, ಕಾಲು ಚಮಚ ದಾಟಬೇಡಿ. ಬೇ ಎಲೆ ಮೂರು. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಜಾತಿಯ ಬೇರೆ ಮರದ್ದು, ಅದನ್ನು ಹಾಕಿದರೆ ಕಾಳು ಬಿರಿಯಾನಿಯ ವಾಸನೆ ಹೊಡೆಯುತ್ತದೆ. ಲಾರೆಲ್ ಜಾತಿಯ ಬೇ ಎಲೆ ಸಿಗದಿದ್ದರೆ ಯಾವ ಎಲೆಯೂ ಬೇಡ.

ಮಾಂಸಕ್ಕೆ ಅಂಡೂಯಿ ಸಾಸೇಜ್ 350 ಗ್ರಾಂ. ದಪ್ಪಗೆ ಕೊಚ್ಚಿದ ಹಂದಿಮಾಂಸ, ಬೆಳ್ಳುಳ್ಳಿ, ಮೆಣಸು ತುಂಬಿ ಹೊಗೆಯಲ್ಲಿ ಒಣಗಿಸಿದ್ದು. ನ್ಯೂ ಆರ್ಲಿಯನ್ಸ್‌ಗಿಂತ ಮೇಲೆ ಮಿಸಿಸಿಪ್ಪಿ ದಂಡೆಯ ಲಾಪ್ಲೇಸ್ ಊರು ಇದಕ್ಕೇ ಹೆಸರುವಾಸಿ. ಬೆಂಗಳೂರಿನ ಕೋಲ್ಡ್ ಕಟ್ಸ್ ಅಂಗಡಿಗಳ ಹೊಗೆಯಾಡಿಸಿದ ಹಂದಿ ಅಥವಾ ಕೋಳಿ ಸಾಸೇಜ್ ನಡೆಯುತ್ತದೆ. ಗೋವಾದ ಶೊರಿಸೊ ರುಚಿಯೇನೋ ಚೆನ್ನ, ಆದರೆ ಅದರಲ್ಲಿ ವಿನೆಗರ್ ಇರುವುದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಕಾಳು ಬೇಯುವ ಮೊದಲು ಯಾವ ಹುಳಿಯೂ ಪಾತ್ರೆಗೆ ಬೀಳಬಾರದು. ಟೊಮೆಟೊ, ವಿನೆಗರ್, ನಿಂಬೆ ಯಾವುದಾದರೂ ಸರಿ, ಹುಳಿಯಲ್ಲಿ ಪೆಕ್ಟಿನ್ ಕರಗದೆ ಸಿಪ್ಪೆ ಬಿಗಿಯಾಗಿಯೇ ನಿಲ್ಲುತ್ತದೆ.

ಐದಾರು ಲೀಟರಿನ ದಪ್ಪ ತಳದ ಪಾತ್ರೆ ಬೇಕು. ಒಂದು ಚಮಚ ಎಣ್ಣೆಯಲ್ಲಿ ಸಾಸೇಜಿನ ಅರ್ಧ ಬೆರಳು ದಪ್ಪದ ಬಿಲ್ಲೆಗಳನ್ನು ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ, ಅಂಚು ಕಂದಾಗುವವರೆಗೆ ಹುರಿದು ತೆಗೆದಿಡಿ. ಪಾತ್ರೆಯಲ್ಲಿ ಮೂರು ದೊಡ್ಡ ಚಮಚದಷ್ಟು ಕೊಬ್ಬು ಉಳಿಯಲಿ, ಕಡಿಮೆಯಾದರೆ ಎಣ್ಣೆ ಸೇರಿಸಿ. ಅದಕ್ಕೆ ಈರುಳ್ಳಿ, ಸೆಲರಿ, ಕ್ಯಾಪ್ಸಿಕಮ್ ಹಾಕಿ ಹತ್ತು ಹನ್ನೆರಡು ನಿಮಿಷ ಬಾಡಿಸಬೇಕು. ತರಕಾರಿ ಬಿಡುವ ನೀರಿನಲ್ಲೇ ತಳಕ್ಕೆ ಅಂಟಿದ ಸಾಸೇಜಿನ ಕಂದು ಪದರವನ್ನು ಕೆರೆದು ಬಿಡಿಸಿ, ರುಚಿಯ ದೊಡ್ಡ ಪಾಲು ಅದರಲ್ಲಿದೆ. ಈರುಳ್ಳಿ ಅರೆಪಾರದರ್ಶಕವಾಗಿ ಅಂಚಿನಲ್ಲಿ ಹೊನ್ನಿನ ಬಣ್ಣ ಬಂದರೆ ಸಾಕು. ನಮ್ಮ ಮಸಾಲೆಗಳಿಗೆ ಹುರಿಯುವಂತೆ ಕಡುಕಂದು ಮಾಡಿದರೆ ರಸಕ್ಕೆ ಸಿಹಿ ಬರುತ್ತದೆ. ಬೆಳ್ಳುಳ್ಳಿ, ಥೈಮ್, ಮೆಣಸು, ಖಾರದ ಪುಡಿ ಹಾಕಿ ಒಂದು ನಿಮಿಷ ಕೈಯಾಡಿಸಿ. ಆಮೇಲೆ ಕಾಳು, ಬೇ ಎಲೆ, ಒಂದೂಮುಕ್ಕಾಲು ಲೀಟರ್ ನೀರು. ನೀರು ಕಾಳಿನ ಮೇಲೆ ಮೂರು ಬೆರಳು ನಿಲ್ಲಬೇಕು. ಹ್ಯಾಮ್ ಮೂಳೆ ಸಿಕ್ಕವರು ಅದನ್ನೂ ಈಗಲೇ ಹಾಕಿ.

ಅರ್ಧ ಗಂಟೆ ಜೋರಾಗಿ ಕುದಿಸಿದ ಮೇಲೆ ಉರಿ ಸಣ್ಣದು ಮಾಡಿ ಮುಚ್ಚಳವನ್ನು ಓರೆಯಾಗಿ ಇಡುತ್ತೇನೆ. ಅಲ್ಲಲ್ಲಿ ಒಂದೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಹೀಗೆ ಒಂದೂವರೆಯಿಂದ ಎರಡೂವರೆ ಗಂಟೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಳ ಮುಟ್ಟಿ ಕಲಕಿ, ಕಾಳು ನೀರಿನಿಂದ ಹೊರಗೆ ಕಂಡರೆ ಬಿಸಿನೀರು ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ಹೊತ್ತು ಹಿಡಿಯುತ್ತದೆ. ಒಂದು ಗಂಟೆಯಾದಾಗ ಸಾಸೇಜನ್ನು ಮರಳಿ ಸೇರಿಸಿ. ಮೊದಲಿನಿಂದಲೇ ಬಿಟ್ಟರೆ ಅದರ ರುಚಿಯೆಲ್ಲ ರಸಕ್ಕೆ ಹೋಗಿ ಬಿಲ್ಲೆಗಳು ಸಪ್ಪೆ ನಾರಾಗುತ್ತವೆ. ಉಪ್ಪಿಗೆ ಇನ್ನೂ ಅವಸರವಿಲ್ಲ, ಸಾಸೇಜಿನಲ್ಲೂ ಕಾಳಿನಲ್ಲೂ ಈಗಾಗಲೇ ಇದೆ, ರಸ ಇಂಗುತ್ತಾ ಉಪ್ಪು ಏರುತ್ತದೆ.

ಕಾಳು ಬೆಂದಿದೆಯೇ ಎಂದು ನೋಡಲು ಒಂದೇ ಕಾಳು ಸಾಲದು. ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಐದೂ ಹಿಟ್ಟಾಗಿ ಕರಗಿದರೆ ಮುಂದಿನ ಹೆಜ್ಜೆ. ಆ ಹೆಜ್ಜೆಯಲ್ಲೇ ಈ ಅಡುಗೆಯ ಹದ ಇರುವುದು: ಸುಮಾರು ಒಂದೂವರೆ ಬಟ್ಟಲು ಕಾಳನ್ನು ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿ ನುರಿಯಬೇಕು. ಬೆಂದ ಕಾಳಿನೊಳಗೆ ಪಿಷ್ಟ ಇನ್ನೂ ಜೀವಕೋಶಗಳ ಒಳಗೇ ಕೂಡಿರುತ್ತದೆ. ಬರೀ ಕುದಿಸುತ್ತಿದ್ದರೆ ಅದು ನಿಧಾನಕ್ಕೆ ಹೊರಬರುತ್ತದೆ, ನುರಿದರೆ ಕೋಶಗಳು ಒಡೆದು ರಸಕ್ಕೆ ಸೇರುತ್ತದೆ. ಮಿಕ್ಸಿಗೆ ಹಾಕಬೇಡಿ, ಅದು ಪಿಷ್ಟವನ್ನು ಪೂರ್ತಿ ಅರೆದು ಅಂಟು ಮಾಡುತ್ತದೆ. ನುರಿದ ಮೇಲೆ ಮುಚ್ಚಳ ತೆಗೆದು ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟರೆ ಕಾಳಿಗೂ ರಸಕ್ಕೂ ನಡುವೆ ಗೆರೆ ಎಳೆಯಲಾಗದಂಥ ಹದ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಕಾಳು ಇಡಿಯಾಗಿಯೇ ಕಾಣಬೇಕು. ಸೌಟು ಎಳೆದಾಗ ತಳ ಕ್ಷಣಕಾಲ ಕಂಡು ಮತ್ತೆ ಮುಚ್ಚಿಕೊಂಡರೆ ಒಲೆ ಆರಿಸಿ. ಆರುತ್ತಾ ಇನ್ನೂ ಗಟ್ಟಿಯಾಗುವುದರಿಂದ ಒಲೆಯ ಮೇಲೆ ಸ್ವಲ್ಪ ತೆಳ್ಳಗೇ ಇರಲಿ. ಈಗ ಉಪ್ಪು ನೋಡಿ, ಒಂದು ಚಮಚ ವಿನೆಗರ್ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡಿ.

ಈ ಕೊನೆಯ ಅರ್ಧ ಗಂಟೆಯಲ್ಲೇ ತಳ ಹಿಡಿಯುವುದು. ಪಿಷ್ಟ ಕೆಳಗೆ ಕೂರುತ್ತದೆ, ಐದು ನಿಮಿಷಕ್ಕೊಮ್ಮೆ ಕಲಕದಿದ್ದರೆ ಸೀಯುತ್ತದೆ. ಸೀದ ವಾಸನೆ ಬಂದ ತಕ್ಷಣ ಕಲಕುವುದನ್ನು ನಿಲ್ಲಿಸಿ, ತಳ ಕೆರೆಯದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಕೆರೆದರೆ ಆ ಕಹಿಯನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ.

ಎರಡೂವರೆ ಗಂಟೆಯಾದರೂ ಕಾಳು ಗಟ್ಟಿಯಿದ್ದರೆ ಮೊದಲು ನೀರನ್ನು ಅನುಮಾನಿಸಿ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಅನ್ನು ಮತ್ತೆ ಬಿಗಿಗೊಳಿಸುತ್ತದೆ. ನೆನೆಸಲೂ ಬೇಯಿಸಲೂ ಆರ್‌ಒ ಫಿಲ್ಟರ್ ನೀರು ಬಳಸಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಹಳೆಯ ಕಾಳಾದರೆ ನೆನೆಸುವ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಸೋಪಿನ ರುಚಿ ಬಂದು ಕಾಳು ಲೋಳೆಯಾಗುತ್ತದೆ.

ಹೊತ್ತಿಲ್ಲದವರಿಗೆ ಪ್ರೆಷರ್ ಕುಕ್ಕರ್ ಇದೆ. ಐದು ಲೀಟರಿನದರಲ್ಲಿ ನೆನೆದ ಕಾಳು, ಮುಳುಗುವಷ್ಟು ನೀರು, ಬೇ ಎಲೆ, ಒಂದು ಚಮಚ ಎಣ್ಣೆ. ಕಾಳು ನೊರೆ ಎಬ್ಬಿಸುವುದರಿಂದ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಒತ್ತಡ ತಾನಾಗಿ ಇಳಿಯಲಿ. ತರಕಾರಿಯನ್ನು ಕುಕ್ಕರಿಗೆ ಹಾಕಬೇಡಿ, ಕ್ಯಾಪ್ಸಿಕಮ್‌ನ ವಾಸನೆ ಒರಟಾಗುತ್ತದೆ. ಬೇರೆ ಪಾತ್ರೆಯಲ್ಲಿ ಬಾಡಿಸಿ, ಕಾಳನ್ನು ಅದರ ನೀರಿನ ಸಮೇತ ಸುರಿದು ತೆರೆದೇ ಮುಕ್ಕಾಲು ಗಂಟೆ ಕುದಿಸಿ. ಈ ಮುಕ್ಕಾಲು ಗಂಟೆಯನ್ನು ಉಳಿಸಲು ಹೋದರೆ ಕಾಳು ಒಂದು ರುಚಿ, ರಸ ಇನ್ನೊಂದು ರುಚಿ ಆಗುತ್ತದೆ.

ಮಾಂಸ ತಿನ್ನದವರಿಗೆ ಕೊರತೆಯಾಗುವುದು ಎರಡು: ಕೊಬ್ಬು ಮತ್ತು ಹೊಗೆ. ತರಕಾರಿ ಬಾಡಿಸಲು ನಾಲ್ಕು ದೊಡ್ಡ ಚಮಚ ಎಣ್ಣೆ ಬೇಕು, ಇಲ್ಲಿ ಜಿಪುಣತನ ಮಾಡಿದರೆ ರಸ ಬೇಳೆಕಟ್ಟಿನಂತೆ ನೀರುನೀರಾಗುತ್ತದೆ. ಹೊಗೆಗೆ ಒಂದೂವರೆ ಚಮಚ ಸ್ಮೋಕ್ಡ್ ಪಾಪ್ರಿಕಾ ಬೆಳ್ಳುಳ್ಳಿಯ ಜೊತೆ. ಅದಿಲ್ಲದಿದ್ದರೆ ಕಾಳು ಸಿದ್ಧವಾದ ಮೇಲೆ ನಡುವೆ ಸಣ್ಣ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಹಾಕಿ, ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಮೂರು ನಿಮಿಷ ಮುಚ್ಚಿ. ತುಪ್ಪ ಬೇಡ, ಅದರ ಪರಿಮಳ ಎದ್ದು ಕಾಣುತ್ತದೆ. ಮಾಂಸವಿಲ್ಲದ್ದರಲ್ಲಿ ಉಪ್ಪು ಒಂದೂವರೆ ಚಮಚದವರೆಗೂ ಬೇಕಾಗುತ್ತದೆ.

ಅನ್ನ ಉದುರಾಗಿರಬೇಕು, ಆದರೆ ಬಾಸ್ಮತಿ ಬೇಡ, ಅದರ ಸುವಾಸನೆ ಥೈಮ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಲೂಯಿಸಿಯಾನಾದಲ್ಲಿ ಉದ್ದ ಕಾಳಿನ ಬಿಳಿ ಅಕ್ಕಿ, ನಮ್ಮಲ್ಲಿ ಹಳೆಯ ಸೋನಾ ಮಸೂರಿ. ಅಕ್ಕಿ ತೊಳೆದು, ಒಂದು ಬಟ್ಟಲಿಗೆ ಒಂದೂಮುಕ್ಕಾಲು ಬಟ್ಟಲು ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಒಲೆ ಆರಿಸಿ ಹತ್ತು ನಿಮಿಷ. ತಟ್ಟೆಯಲ್ಲಿ ಕಾಳಿನ ಪಾಲು ಅನ್ನದ ಎರಡರಷ್ಟಿರಬೇಕು. ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಲೂಯಿಸಿಯಾನಾದ ಯಾವುದಾದರೂ ಹಾಟ್ ಸಾಸ್, ಕ್ರಿಸ್ಟಲ್ ಅಥವಾ ಟಬಾಸ್ಕೊ. ಅದರ ವಿನೆಗರ್ ಹುಳಿ ಕಾಳಿನ ಭಾರವನ್ನು ಹಗುರಮಾಡುತ್ತದೆ, ಹಾಗಾಗಿ ಹಸಿಮೆಣಸಿನಕಾಯಿ ಕಡಿದುಕೊಂಡರೆ ಅದರ ಕೆಲಸ ಆಗುವುದಿಲ್ಲ.

ಮರುದಿನಕ್ಕೆ ಇದು ಇನ್ನೂ ಚೆನ್ನ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಮೂರು ತಿಂಗಳು ಇಡಬಹುದು. ದೊಡ್ಡ ಪಾತ್ರೆಯನ್ನು ಹಾಗೆಯೇ ಆರಲು ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿದ್ದು ಹಳಸುತ್ತದೆ, ಅಗಲ ಪಾತ್ರೆಗಳಿಗೆ ತೆಳ್ಳಗೆ ಹರಡಿ ಆರಿಸಿ. ಮತ್ತೆ ಬಿಸಿ ಮಾಡುವಾಗ ಗಟ್ಟಿ ಮುದ್ದೆಯಾಗಿರುತ್ತದೆ, ಅರ್ಧ ಬಟ್ಟಲು ನೀರು ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಕುದಿ ಬರಿಸಿದರೆ ಮೊದಲಿನ ಹದಕ್ಕೆ ಬರುತ್ತದೆ.