ಹಳಿ ಹೊಸದು, ಕೆಳಗಿನ ಮಣ್ಣು ಹಳೆಯದು: ಕಲಬುರಗಿಯಲ್ಲಿ ನಾವು ರೈಲು ಮಾರ್ಗ ಸರಿಪಡಿಸಿದ ಬಗೆ

ರೈಲು ಹಳಿ ನಿರ್ವಹಣೆಯ ಕೆಲಸಕ್ಕೆ ಸೇರಿದಾಗಿನಿಂದ ನಾನು ಹೆಚ್ಚು ದಿನ ಕಳೆದಿದ್ದು ಕಲಬುರಗಿ ಸುತ್ತಮುತ್ತಲೇ. ಹಳೆ ಮಾರ್ಗ ಸುಧಾರಿಸುತ್ತೇವೆ ಅಂದ್ರೆ ಜನ ಮೊದಲು ಕೇಳೋದು ಹೊಸ ಹಳಿ ಯಾವಾಗ ಹಾಕ್ತೀರಿ ಅಂತ. ಹಳಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಆ ಪ್ರಶ್ನೆ. ನಾನು ಹೇಳಬೇಕಾಗಿರೋದು ಅದರ ಕೆಳಗಿನ ಮಣ್ಣು ಮತ್ತು ನೀರಿನ ಬಗ್ಗೆ. ನಮ್ಮ ಭಾಗದಲ್ಲಿ ಕೆಲಸ ಉಳಿಯುತ್ತದೋ ಹಾಳಾಗುತ್ತದೋ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮಾರ್ಗ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ಕಾಲದ ಮಾರ್ಗ ಬಂದದ್ದು 1874ರಲ್ಲಿ. ಆ ದಿನಗಳಲ್ಲಿ ಹಳಿಯ ಕೆಳಗಿನ ಮಣ್ಣಿನ ಏರಿ ಕಟ್ಟಲು ಸಾಮಾನ್ಯವಾಗಿ ಪಕ್ಕದ ಹೊಲದ ಮಣ್ಣನ್ನೇ ಅಗೆದು ಹಾಕುತ್ತಿದ್ದರು. ನಮ್ಮಲ್ಲಿ ಪಕ್ಕದ ಹೊಲ ಅಂದ್ರೆ ಎರೆ ಹೊಲ. ತೊಗರಿಗೆ, ಹಿಂಗಾರಿ ಜೋಳಕ್ಕೆ ಅದಕ್ಕಿಂತ ಒಳ್ಳೆ ಮಣ್ಣು ಬೇರೆ ಇಲ್ಲ. ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ರೈಲು ಮಾರ್ಗಕ್ಕೆ ಆ ಗುಣವೇ ತೊಂದರೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ಮಣ್ಣಿನ ಮೇಲೆ ಈಗ ವಾಡಿ, ಸೇಡಂ ಕಡೆಯ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಗಳು ಓಡುತ್ತವೆ. ಒಂದೊಂದು ಆಕ್ಸಲ್ ಮೇಲೆ 20 ಟನ್ನಿಗೂ ಜಾಸ್ತಿ ಭಾರ.

ನಾನು ಹೇಳುತ್ತಿರುವ ಜಾಗ ನಗರಕ್ಕೆ ಹತ್ತಿರದ್ದು. ಅಲ್ಲಿ ಆಗಲೇ ಮೀಟರಿಗೆ 60 ಕಿಲೋ ತೂಗುವ ಹಳಿ ಇತ್ತು, ಅದರಡಿ ಅಡ್ಡಲಾಗಿ ಹಾಸುವ ಕಾಂಕ್ರೀಟ್ ಸ್ಲೀಪರ್‌ಗಳೂ ಇದ್ದವು. ಕಿಲೋಮೀಟರಿಗೆ 1660ರಂತೆ ಸಾಲಾಗಿ ಕೂತಿದ್ದವು. ಆದರೂ ಟ್ಯಾಂಪಿಂಗ್ ಮಷೀನ್ ಬಂದು ಜಲ್ಲಿ ಗಿಡಿದು ಮಟ್ಟ ಸರಿ ಮಾಡಿ ಹೋದ ಸ್ವಲ್ಪ ದಿನಕ್ಕೇ ಹಳಿ ಮತ್ತೆ ಕುಸಿಯುತ್ತಿತ್ತು. ಗಾಡಿ ಹೋಗುವಾಗ ಸ್ಲೀಪರ್ ಕೆಳಗಿನಿಂದ ಬೂದು ಬಣ್ಣದ ಕೆಸರು ಚಿಮ್ಮುತ್ತಿತ್ತು. ವೇಗ ಇಳಿಸಿ ಗಾಡಿ ಬಿಡಬೇಕಾಗುತ್ತಿತ್ತು. ಅಲ್ಟ್ರಾಸೋನಿಕ್ ತಪಾಸಣೆ ಮಾಡಿಸಿದರೆ ಹಳಿಯೊಳಗೆ ಏನೂ ದೋಷವಿಲ್ಲ. ಆ ಯಂತ್ರ ಉಕ್ಕಿನೊಳಗಿನ ಬಿರುಕು ತೋರಿಸುತ್ತದೆ, ಅಷ್ಟೇ. ಮಣ್ಣಿನ ಸುದ್ದಿ ಅದಕ್ಕೆ ಗೊತ್ತಾಗೋದಿಲ್ಲ.

ನಮ್ಮ ಗ್ಯಾಂಗಿನ ಮೇಟ್, ಅಂದ್ರೆ ಗ್ಯಾಂಗಿನ ಮುಖ್ಯಸ್ಥರು, ನನಗಿಂತ ಹಿರಿಯರು. ನಾನು ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದೆ. ಒಂದು ದಿನ ಅವರು ನೇರವಾಗಿ ಹೇಳಿದರು: "ಸಾಹೇಬ್ರ, ಎಷ್ಟ್ ಸಲ ಗಿಟ್ಟಿ ಬಡದ್ರೂ ಇಲ್ಲಿ ಕೂಡಂಗಿಲ್ರಿ. ಒಳಗಿನ ನೀರ್ ಹೊರಗ ಹೋಗ್ಲಾಕ ಹಾದಿನೇ ಇಲ್ಲ."

ಅವರ ಮಾತು ಹಿಡಿದು ಮಳೆ ಬೀಳುವಾಗಲೇ ನಡೆದು ನೋಡಿದೆವು. ಈ ಕೆಲಸದಲ್ಲಿರುವ ಹೊಸಬರಿಗೆ ನಾನು ಹೇಳೋದೂ ಇದನ್ನೇ. ಮಳೆ ನಿಂತ ಮರುದಿನ ಹೋದರೆ ಅರ್ಧ ಸಂಗತಿ ಕಾಣೋದಿಲ್ಲ. ಸುರಿಯುವಾಗ ಹೋಗಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಒಳಗೆ ಬರುತ್ತದೆ ನೋಡಬೇಕು. ನಮಗೆ ಎರಡು ವಿಷಯ ಕಂಡವು.

ಮೊದಲನೆಯದು ಸೆಸ್. ಜಲ್ಲಿಯ ಅಂಚಿನಿಂದ ಏರಿಯ ಅಂಚಿನವರೆಗಿನ ಮಣ್ಣಿನ ಪಟ್ಟಿಗೆ ನಾವು ಸೆಸ್ ಅನ್ನುತ್ತೇವೆ. ಅದು ಜಲ್ಲಿಯ ತಳಕ್ಕಿಂತ ಕೆಳಗಿರಬೇಕು, ಹೊರಗಡೆಗೆ 30ಕ್ಕೆ 1ರಂತೆ ಇಳಿಜಾರಾಗಿರಬೇಕು. ಇಲ್ಲಿ ಅದು ಜಲ್ಲಿಯ ತಳಕ್ಕಿಂತ ಮೇಲಿತ್ತು. ಜಲ್ಲಿ ಸೋಸಿದಾಗಲೆಲ್ಲ ಬಂದ ಪುಡಿ, ಕೆಸರು ಪಕ್ಕಕ್ಕೇ ಬಿದ್ದು ವರ್ಷಗಳಿಂದ ಗಟ್ಟಿಯಾಗಿ ಒಡ್ಡಿನಂತೆ ನಿಂತಿತ್ತು. ಹೊಲಕ್ಕೆ ಬದು ಹಾಕಿದರೆ ನೀರು ಒಳಗೇ ಉಳಿಯುತ್ತಲ್ವಾ, ಹಾಗೇ ಆಗಿತ್ತು. ಜಲ್ಲಿಯೊಳಗೆ ಇಳಿದ ನೀರು ಅಲ್ಲೇ ನಿಂತು, ಎರೆಮಣ್ಣು ಮೆತ್ತಗಾಗಿ, ಗಾಡಿಯ ಭಾರಕ್ಕೆ ಜಲ್ಲಿ ಮಣ್ಣಿನೊಳಗೆ ಇಳಿಯುತ್ತಿತ್ತು. ಅಲ್ಲೊಂದು ಗುಂಡಿ ಆಗಿ, ಆ ಗುಂಡಿಯಲ್ಲಿ ಇನ್ನಷ್ಟು ನೀರು.

ಎರಡನೆಯದು ಊರಿನ ನೀರು. ಕಲಬುರಗಿ ಬೆಳೆದಂತೆ ಬಡಾವಣೆಗಳು ಹಳಿಯ ಪಕ್ಕದವರೆಗೂ ಬಂದಿವೆ. ರಸ್ತೆಗಳು ಎತ್ತರವಾದವು, ಮನೆಗಳ ಬಚ್ಚಲು ನೀರು ತಗ್ಗಿನ ಕಡೆ ಹರಿಯಿತು. ತಗ್ಗು ಅಂದ್ರೆ ನಮ್ಮ ಏರಿಯ ಬುಡ. ಹೀಗಾಗಿ ಬೇಸಿಗೆಯಲ್ಲೂ ಆ ಜಾಗ ಹಸಿ. ಅಲ್ಲಿ ವಾಸಿಸುವವರನ್ನು ನಾನು ದೂರೋದಿಲ್ಲ. ಅವರಿಗೂ ನೀರು ಹೋಗಲು ಬೇರೆ ದಾರಿ ಇರಲಿಲ್ಲ.

ಕೆಲಸ ಯಾವಾಗ ಮಾಡಬೇಕು ಅನ್ನೋದೇ ದೊಡ್ಡ ಲೆಕ್ಕ. ಮಳೆಗಾಲಕ್ಕೆ ಮೊದಲು ಮುಗಿಸಬೇಕು ಅಂದ್ರೆ ಬೇಸಿಗೆಯಲ್ಲಿ ಮಾಡೋಣ ಅನ್ನಿಸುತ್ತದೆ. ನಮ್ಮ ಬಿಸಿಲಿನಲ್ಲಿ ಅದು ಆಗದ ಮಾತು. ಗಾಳಿಯ ಉಷ್ಣತೆ 43 ಡಿಗ್ರಿ ಇದ್ದರೆ ಹಳಿ 60 ಡಿಗ್ರಿ ದಾಟುತ್ತದೆ. ಒಂದು ಕಿಲೋಮೀಟರ್ ಬಿಡಿ ಹಳಿ 30 ಡಿಗ್ರಿ ಬಿಸಿಯಾದರೆ ಸುಮಾರು 345 ಮಿಲಿಮೀಟರ್ ಉದ್ದವಾಗಬೇಕು. ಬೆಸುಗೆ ಹಾಕಿದ ಉದ್ದ ಹಳಿಗೆ ಹಿಗ್ಗಲು ಜಾಗವಿಲ್ಲ. ಆ ಒತ್ತಡವೆಲ್ಲ ಹಳಿಯೊಳಗೇ ಉಳಿಯುತ್ತದೆ. ಅದನ್ನು ಅಲುಗದಂತೆ ಹಿಡಿದಿರೋದು ಸ್ಲೀಪರ್ ಮತ್ತು ಜಲ್ಲಿ. ಆ ಹೊತ್ತಿನಲ್ಲಿ ಜಲ್ಲಿ ತೆಗೆದರೆ ಹಳಿ ಹಾವಿನ ಹಾಗೆ ಸೊಟ್ಟಗಾಗಬಹುದು. ಅದಕ್ಕೇ ಹಳಿ ಕೂರಿಸಿದ ಉಷ್ಣತೆಗಿಂತ 10 ಡಿಗ್ರಿ ಮೇಲೆ ಹೋದರೆ ಮಾಮೂಲಿ ನಿರ್ವಹಣೆಯ ಕೆಲಸಕ್ಕೂ ಜಲ್ಲಿ ಮುಟ್ಟಬಾರದು ಅನ್ನೋ ನಿಯಮ ಇದೆ. 20 ಡಿಗ್ರಿ ದಾಟಿದರೆ ಹಳಿ ಸೊಟ್ಟಗಾಗಿದೆಯೇ ಅಂತ ನಡೆದು ನೋಡುವ ಬಿಸಿಲಿನ ಗಸ್ತು ಶುರುವಾಗುತ್ತದೆ. ಹಾಗಾಗಿ ನಾವು ಚಳಿಗಾಲ ಆರಿಸಿಕೊಂಡೆವು.

ಮೊದಲು ಹಳಿ ಮುಟ್ಟಲೇ ಇಲ್ಲ. ಸೆಸ್ ಕೆರೆದು ಇಳಿಸಿದೆವು. ತೆಗೆದ ಮಣ್ಣನ್ನು ಪಕ್ಕಕ್ಕೆ ಸುರಿಯದೆ ಸಾಗಿಸಿದೆವು. ಇದಕ್ಕೆ ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಸುಮ್ನೆ ಇಳಿಜಾರಿಗೆ ತಳ್ಳಿಬಿಡಿ ಅನ್ನುವವರು ಇದ್ದೇ ಇರುತ್ತಾರೆ. ಒಪ್ಪಬಾರದು. ಆಮೇಲೆ ನೀರು ನಿಲ್ಲುತ್ತಿದ್ದ ಗುಂಡಿಗಳ ನೇರಕ್ಕೆ ಏರಿಯ ಪಕ್ಕದಿಂದ ಅಡ್ಡ ಕಾಲುವೆ ಕೊರೆದು ಒರಟು ಕಲ್ಲು ತುಂಬಿದೆವು. ಕೆಲವು ಕಡೆ ಕೊರೆದ ಕೂಡಲೇ ಒಳಗಿನ ಕಪ್ಪು ನೀರು ಹೊರಗೆ ಹರಿದು ಬಂತು. ಕಾಕಾ ಅದನ್ನು ನೋಡಿ "ಈಗ ಉಸುರ್ ಬಿಡ್ತು ನೋಡ್ರಿ" ಅಂದರು.

ಊರಿನ ಕಡೆ ಏರಿಯ ಬುಡದುದ್ದಕ್ಕೂ ಪಕ್ಕದ ಚರಂಡಿ ಮಾಡಿ, ತಳಕ್ಕೆ ಶಹಾಬಾದ್ ಫರಸಿ ಹಾಸಿದೆವು. ಎರೆಮಣ್ಣಿನಲ್ಲಿ ಬರೀ ತೋಡಿದ ಚರಂಡಿ ಉಳಿಯೋದಿಲ್ಲ. ಒಂದೇ ಮಳೆಗೆ ದಂಡೆ ಕುಸಿದು ಮುಚ್ಚಿಹೋಗುತ್ತದೆ.

ಅದಾದ ಮೇಲೆ ಜಲ್ಲಿ ಸೋಸುವ ಕೆಲಸ. ಬ್ಲಾಕ್ ಸಿಕ್ಕ ಹೊತ್ತಿನಲ್ಲಿ, ಅಂದ್ರೆ ಕೆಲಸಕ್ಕಾಗಿ ಗಾಡಿಗಳನ್ನು ನಿಲ್ಲಿಸಿ ಕೊಟ್ಟ ಸಮಯದಲ್ಲಿ, ಮಷೀನ್ ಸ್ಲೀಪರ್ ಕೆಳಗಿನ ಜಲ್ಲಿ ಎತ್ತಿ, ಪುಡಿ ಬೇರೆ ಮಾಡಿ, ಒಳ್ಳೆಯದನ್ನು ವಾಪಸ್ ಹಾಕುತ್ತದೆ. ಸಣ್ಣದಾಗಿ ಸವೆದ ಜಲ್ಲಿ ಬದಲು 20ರಿಂದ 65 ಮಿಲಿಮೀಟರ್ ಗಾತ್ರದ ಹೊಸದು ಬಂತು. ಮಣ್ಣು ತೀರಾ ಮೆತ್ತಗಿದ್ದ ತುಂಡಿನಲ್ಲಿ ಹಳೆ ಮಣ್ಣು ಅಗೆದು, ಒರಟು ಮರಳು ಮತ್ತು ಸಣ್ಣ ಕಲ್ಲು ಬೆರೆಸಿದ ಪದರ ಹಾಸಿದೆವು. ಎರೆಮಣ್ಣಿನ ಕೆಸರು ಮೇಲಕ್ಕೆ ಏರದಂತೆ ಅದು ತಡೆಯುತ್ತದೆ. ಗಾಡಿಗಳನ್ನು ಮೊದಲು 20 ಕಿಲೋಮೀಟರ್ ವೇಗದಲ್ಲಿ ಬಿಟ್ಟು, ಸ್ಲೀಪರ್ ಕೆಳಗೆ ಜಲ್ಲಿ ಗಿಡಿಯುವ ಪ್ರತಿ ಪ್ಯಾಕಿಂಗ್ ಆದ ಮೇಲೆ ಹಂತ ಹಂತವಾಗಿ ವೇಗ ಏರಿಸಿದೆವು. ಆ ದಿನಗಳಲ್ಲಿ ಪ್ರಯಾಣಿಕರಿಗೆ ತಡವಾಯಿತು, ಬೇಸರವೂ ಆಯಿತು. ಆದರೆ ಜಲ್ಲಿ ಕೂರುವ ಮೊದಲೇ ವೇಗ ಕೊಟ್ಟರೆ ಮಾಡಿದ್ದೆಲ್ಲ ನೀರುಪಾಲು.

ಕೊನೆಗೆ ಹಳಿಯ ಒತ್ತಡ ತೆಗೆಯುವ ಕೆಲಸ. ಕ್ಲಿಪ್ ಬಿಚ್ಚಿ, ಹಳಿಯನ್ನು ರೋಲರ್ ಮೇಲಿಟ್ಟು, ಮರದ ಕೊಡತಿಯಿಂದ ತಟ್ಟಿ, ಟೆನ್ಸರ್‌ನಿಂದ ಬೇಕಾದಷ್ಟು ಎಳೆದು, ಉಳಿದ ಸಂದಿಗೆ ಬೆಸುಗೆ ಹಾಕಿದೆವು.

ಮುಂದಿನ ಮಳೆಗಾಲದಲ್ಲಿ ಮತ್ತೆ ಅದೇ ಜಾಗದಲ್ಲಿ ನಡೆದೆವು. ಅಡ್ಡ ಕಾಲುವೆಗಳ ಬಾಯಲ್ಲಿ ನೀರು ಬೀಳುತ್ತಿತ್ತು. ಸ್ಲೀಪರ್ ಕೆಳಗೆ ಕೆಸರು ಕಾಣಲಿಲ್ಲ. ಮಟ್ಟವೂ ಮೊದಲಿನ ಹಾಗೆ ಕುಸಿಯಲಿಲ್ಲ. ಚರಂಡಿ ಮಾತ್ರ ಪ್ಲಾಸ್ಟಿಕ್ ಕಸದಿಂದ ಎರಡು ಕಡೆ ಕಟ್ಟಿಕೊಂಡಿತ್ತು. ಅದಕ್ಕೆ ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಬಿಸಿಲೇರುವ ಮೊದಲು ಬೆಳಿಗ್ಗೆ ಹೊತ್ತು, ಗ್ಯಾಂಗಿನವರು ಅದನ್ನು ಪೂರ್ತಿ ಬಳಿಯುತ್ತಾರೆ. ಹಳಿಯ ತಪಾಸಣೆಗೆ ಇರುವ ರಿಜಿಸ್ಟರಿನಲ್ಲೇ ಸೆಸ್ಸಿನ ಮಟ್ಟ ಬರೆಯಲು ಒಂದು ಕಾಲಂ ಎಳೆದಿದ್ದೇವೆ.