ಬೋರ್‌ವೆಲ್ ನೀರು, ಸೂ ವೀಡ್ ಅಡುಗೆ: ಯಂತ್ರವನ್ನು ನಾನು ಬಾಳಿಸಿಕೊಂಡ ಬಗೆ

ಸೂ ವೀಡ್ ಅಂದರೆ ಆಹಾರವನ್ನು ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಒಂದೇ ಹದದ ಬಿಸಿನೀರಿನಲ್ಲಿ ನಿಧಾನವಾಗಿ ಬೇಯಿಸುವ ವಿಧಾನ. ಆ ನೀರನ್ನು ಕಾಯಿಸಿ ತಿರುಗಿಸುವ ಯಂತ್ರವೇ ಸರ್ಕ್ಯುಲೇಟರ್. ಅದಕ್ಕೆ ಆಪತ್ತು ಬರುವುದು ಎರಡು ಕಡೆಯಿಂದ: ಕೆಳಗಿನಿಂದ ಸುಣ್ಣ, ಮೇಲಿನಿಂದ ಹಬೆ. ಬೆಂಗಳೂರಿನ ಪೂರ್ವದಂಚಿನ ಬಡಾವಣೆಯೊಂದರಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ನಂಬಿಕೊಂಡೇ ವರ್ಷಗಟ್ಟಲೆ ಇದನ್ನು ಓಡಿಸುತ್ತಿದ್ದೇನೆ. ಕಾವೇರಿ ನೀರು ಬರುವ ಮನೆಯವರಿಗೆ ಇಷ್ಟು ಕಾಟ ಇರಲಾರದು.

ಯಂತ್ರದ ರಚನೆ ಸರಳ. ಸ್ಟೀಲ್ ಕೊಳವೆಯೊಳಗೆ ಹೀಟರ್, ಉಷ್ಣಾಂಶ ನೋಡುವ ಸೆನ್ಸರ್, ನೀರನ್ನು ತಿರುಗಿಸುವ ಪುಟ್ಟ ಫ್ಯಾನ್. ತಲೆಯ ಭಾಗದಲ್ಲಿ ಸರ್ಕ್ಯೂಟ್ ಬೋರ್ಡ್. ಮೊದಲು ಇದು ಪ್ರಯೋಗಾಲಯದ ಉಪಕರಣ. ಮನೆಯ ಅಡುಗೆಯವರ ಕೈಗೆಟುಕುವ ಬೆಲೆಗೆ ಬಂದದ್ದು 2013ರ ನಂತರ. ಪ್ರಯೋಗಾಲಯದಲ್ಲಿ ಇದಕ್ಕೆ ಶುದ್ಧೀಕರಿಸಿದ ನೀರು ಹಾಕುತ್ತಾರೆ, ನಾವು ನಲ್ಲಿ ನೀರು ತುಂಬುತ್ತೇವೆ. ಅರ್ಧ ತೊಂದರೆ ಶುರುವಾಗುವುದೇ ಅಲ್ಲಿಂದ.

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿ ತಾಗಿದರೆ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಎಲ್ಲಿ ಕಾವು ಹೆಚ್ಚೋ ಅಲ್ಲಿ, ಅಂದರೆ ಹೀಟರಿನ ಮೈಮೇಲೇ, ಅದು ಕೂರುತ್ತದೆ. ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಈ ಬಿಳಿ ಪದರ ಗೊತ್ತಿರುತ್ತದೆ. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಬೋರ್‌ವೆಲ್ ನೀರು ಆ ಮೇಲಿನ ಗೆರೆಯ ಹತ್ತಿರವೇ ಇದೆ.

ಪದರ ದಪ್ಪವಾದಂತೆ ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಒಳಗಿನ ಹೀಟರ್ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚು ಕಾಯುತ್ತದೆ. ಸೆನ್ಸರ್ ಮೇಲೂ ಸುಣ್ಣ ಕೂತರೆ ನೀರಿನ ಬಿಸಿ ಅದಕ್ಕೆ ತಡವಾಗಿ ತಿಳಿಯುತ್ತದೆ. ನನಗೆ ಮೊದಲು ಸುಳಿವು ಕೊಡುವುದು ಕಣ್ಣಲ್ಲ, ಕಿವಿ. ಫ್ಯಾನಿನ ನಯವಾದ ಸದ್ದು ಕರಕರ ಅನ್ನತೊಡಗಿದರೆ ಆವತ್ತೇ ತೊಳೆಯುತ್ತೇನೆ.

ಅದಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಅಗಲ ಪಾತ್ರೆ ಬೇಡ, ಎತ್ತರದ ಕಿರಿದಾದ ಡಬ್ಬಿ ತೆಗೆದುಕೊಂಡರೆ ಕಡಿಮೆ ದ್ರಾವಣದಲ್ಲೇ ಮೇಲಿನ ಗುರುತಿನವರೆಗೆ ಮುಳುಗುತ್ತದೆ. 60 ಡಿಗ್ರಿಗೆ ಇಟ್ಟು ಓಡಿಸಿದರೆ ಸುಣ್ಣ ಕರಗುತ್ತಾ ನೊರೆಗುಳ್ಳೆ ಏಳುತ್ತದೆ. ಗುಳ್ಳೆ ನಿಂತಿತೆಂದರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಬಿಳಿ ಇನ್ನೂ ಉಳಿದಿದ್ದರೆ ಹೊಸ ದ್ರಾವಣ ಮಾಡಿಕೊಳ್ಳಿ. ಆಮೇಲೆ ಪ್ಲಗ್ ಕಿತ್ತು, ಕೆಳಗಿನ ಕವಚ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಫ್ಯಾನಿನ ಸಂದಿ ಉಜ್ಜುತ್ತೇನೆ. ಚಾಕು, ಸ್ಟೀಲ್ ನಾರು ಹತ್ತಿರ ತರಬಾರದು. ಹುಳಿಯ ಜೊತೆ ಬ್ಲೀಚ್ ಬೆರೆಸುವುದಂತೂ ಅಪಾಯ, ವಿಷದ ಅನಿಲ ಬರುತ್ತದೆ. ವಿನೆಗರ್‌ನಿಂದಲೂ ಕೆಲಸ ಆಗುತ್ತದೆ, ಆದರೆ ಮನೆಯೆಲ್ಲ ವಾಸನೆ.

ಮಟನ್ ಕಾಲಿನಂತಹ ರಾತ್ರಿಯಿಡೀ ನಡೆಯುವ ಅಡುಗೆಗೆ ಆರ್‌ಒ ನೀರನ್ನೇ ಹಾಕುತ್ತೇನೆ. ಕೆಲವು ಯಂತ್ರಗಳಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್‌ಗೆ ನೀರಿನಲ್ಲಿ ಸ್ವಲ್ಪವಾದರೂ ಲವಣ ಇರಬೇಕು. ತೀರಾ ಶುದ್ಧ ನೀರಾದರೆ ಪಾತ್ರೆ ಖಾಲಿ ಎಂದೇ ತೋರಿಸುತ್ತವೆ. ಅಂಥದ್ದಾದರೆ ಒಂದು ಚೊಂಬು ನಲ್ಲಿ ನೀರು ಬೆರೆಸಿದರಾಯಿತು.

ಇನ್ನು ಹಬೆ. ಮುಚ್ಚಳವಿಲ್ಲದ ಪಾತ್ರೆಯಿಂದ ಗಂಟೆಗಟ್ಟಲೆ ಏಳುವ ಆವಿ ನೇರ ಸರ್ಕ್ಯೂಟ್ ಇರುವ ತಲೆಗೆ ಹೋಗುತ್ತದೆ. ಪಾಲಿಕಾರ್ಬನೇಟ್ ಡಬ್ಬಿಯ ಮುಚ್ಚಳದಲ್ಲಿ ಯಂತ್ರ ಹಿಡಿಸುವಷ್ಟು ಮಾತ್ರ ತೂತು ಮಾಡಿಸಿಕೊಂಡಿದ್ದೇನೆ, ಸಂದಿಗೆ ಬಟ್ಟೆ ಸುತ್ತುತ್ತೇನೆ. ನೀರು ಇಂಗಿ ಮಟ್ಟ ಇಳಿಯುವ ಭಯವೂ ಇದರಿಂದ ಹೋಯಿತು. ಅಡುಗೆ ಮುಗಿದ ಮೇಲೆ ಒದ್ದೆ ಯಂತ್ರವನ್ನು ಮಲಗಿಸಿ ಇಡುವುದಿಲ್ಲ, ನೆಟ್ಟಗೆ ತೂಗುಹಾಕಿ ಒಣಗಿಸುತ್ತೇನೆ. ಮಲಗಿಸಿದರೆ ನೀರು ಮೋಟಾರ್ ಕಡೆಗೆ ಹರಿಯುತ್ತದೆ.

ಒಮ್ಮೆ ಯಂತ್ರ 58 ಡಿಗ್ರಿಗೆ ನಿಲ್ಲದೆ ನೀರನ್ನು ಕಾಯಿಸುತ್ತಲೇ ಹೋಯಿತು. ಹೀಟರಿಗೆ ಕರೆಂಟ್ ಬಿಡುವ, ತಡೆಯುವ ಟ್ರಯಾಕ್ ಎಂಬ ಭಾಗ ಶಾರ್ಟ್ ಆದರೆ ಹೀಗಾಗುತ್ತದೆ: ಹೀಟರ್ ಆರುವುದೇ ಇಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿನಲ್ಲಿ ಆ ಬಿಡಿಭಾಗ ಅಗ್ಗಕ್ಕೆ ಸಿಗುತ್ತದೆ, ರಿಪೇರಿ ತಿಳಿದವರೊಬ್ಬರು ಬೆಸುಗೆ ಹಾಕಿ ಬದಲಿಸಿಕೊಟ್ಟರು. ಆದರೆ ನೀರಿಗಿಳಿಸಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತಿದ್ದರೆ ಅದು ಬೇರೆ ಮಾತು. ಒಳಗೆ ನೀರು ಹೊಕ್ಕು ಕರೆಂಟ್ ಸೋರುತ್ತಿದೆ ಎಂದರ್ಥ. ಅಂಥದ್ದನ್ನು ಒಣಗಿಸಿ ಮತ್ತೆ ಬಳಸಲು ಹೋಗಬೇಡಿ. ಮೂರು ಪಿನ್ನಿನ ಪ್ಲಗ್ಗನ್ನು ಅರ್ತಿಂಗ್ ಇಲ್ಲದ ಸಾಕೆಟ್ಟಿಗೆ ಚುಚ್ಚುವುದೂ ಬೇಡ.

ಅಮೆರಿಕದಿಂದ ತಂದುಕೊಡಲಾ ಎಂದು ನೆಂಟರು ಕೇಳಿದರೆ ನಾನು ಬೇಡ ಅನ್ನುತ್ತೇನೆ. ಅಲ್ಲಿನದು 120 ವೋಲ್ಟಿನದು, ನಮ್ಮದು 230. ಸಾವಿರ ವ್ಯಾಟ್ ಎಳೆಯುವ ಯಂತ್ರಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಎತ್ತಿಡುವುದೇ ಒಂದು ಕೆಲಸ. ಮನೆಯ ಸಾಧಾರಣ ಇನ್ವರ್ಟರ್ ಕೂಡ ಇದನ್ನು ತಡೆಯದು. ಕರೆಂಟ್ ಹೋದರೆ ಡಬ್ಬಿಗೆ ದಪ್ಪ ಟವೆಲ್ ಹೊದಿಸಿ, ಬೇರೆ ಥರ್ಮಾಮೀಟರ್ ಇಟ್ಟು ನೋಡುತ್ತಿರುತ್ತೇನೆ.

ಆ ಬೇರೆ ಥರ್ಮಾಮೀಟರ್ ಇಲ್ಲದೆ ಸೂ ವೀಡ್ ಮಾಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಲವು ಬ್ಯಾಕ್ಟೀರಿಯಾ 50 ಡಿಗ್ರಿ ದಾಟಿದರೂ ಬೆಳೆಯುತ್ತವೆ. ಅದಕ್ಕೇ ನನ್ನ ದೀರ್ಘ ಅಡುಗೆಗಳೆಲ್ಲ 55ಕ್ಕಿಂತ ಮೇಲೆ. ಪರದೆ 55 ತೋರಿಸಿ ನೀರು ನಿಜವಾಗಿ 51 ಇದ್ದರೆ ಊಟ ಮಾಡಿದವರು ಹಾಸಿಗೆ ಹಿಡಿಯಬಹುದು. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿ 100 ಬರಲಿಲ್ಲವೆಂದು ಬೆಂಗಳೂರಿನವರು ಗಾಬರಿಯಾಗಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ. ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಬೆರೆಸಿ ಕಲಕಿ ನೋಡಿ, ಎಲ್ಲ ಊರಿನಲ್ಲೂ ಅಲ್ಲಿ ಸೊನ್ನೆ ಬರಬೇಕು.

ಮೊಟ್ಟೆಯೂ ಒಳ್ಳೆಯ ಸಾಕ್ಷಿ. 63 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಹಳದಿ ಮಂದವಾಗಿ ಹರಿಯುತ್ತದೆ, ಬಿಳಿ ಮೆತ್ತಗೆ ಅಲುಗುತ್ತದೆ. 67ರಲ್ಲಿ ಹಳದಿ ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. 63ಕ್ಕೆ ಇಟ್ಟ ಮೊಟ್ಟೆಯ ಹಳದಿ ನಿಂತುಬಿಟ್ಟರೆ ಯಂತ್ರದ ಅಳತೆ ತಪ್ಪುತ್ತಿದೆ.

ಹೊಸದು ಕೊಳ್ಳುವವರಿಗೆ ನಾನು ಹೇಳುವುದು: ಯಂತ್ರದ ಮೇಲೆಯೇ ಗುಂಡಿ, ಪರದೆ ಇರಲಿ. 2016ರಲ್ಲಿ ಬಂದ ಜೂಲ್ ಎಂಬ ಸರ್ಕ್ಯುಲೇಟರ್‌ನಲ್ಲಿ ಪರದೆಯೇ ಇರಲಿಲ್ಲ, ಉಷ್ಣಾಂಶ ಹೊಂದಿಸಲು ಫೋನ್ ಬೇಕು. 2024ರಲ್ಲಿ ಇಂಥ ಯಂತ್ರಗಳನ್ನು ಮಾಡುವ ಅನೋವಾ ಕಂಪನಿ ತನ್ನ ಆ್ಯಪ್‌ಗೆ ಹೊಸಬರಿಂದ ಚಂದಾ ಕೇಳತೊಡಗಿತು, ಹಳೆಯ ಮಾದರಿಗಳಿಗೆ ಆ್ಯಪ್ ಸಂಪರ್ಕ ನಿಲ್ಲಿಸುವುದಾಗಿಯೂ ತಿಳಿಸಿತು. ಗುಂಡಿ ಇರುವ ಮಾದರಿಯಾದರೆ ಆ್ಯಪ್ ನಿಂತ ಮೇಲೂ 60 ಒತ್ತಿ ಕೋಳಿ ಬೇಯಿಸಬಹುದು.